ವಿಮಲಾ ಹಿಡಿದ ಟಾರ್ಚು

ವಿಮಲಾಗೆ ಸಿಟ್ಟು ಬಂದರೆ ಮೊದಲು ಕಿವಿ ಕೆಂಪಾಗುತ್ತದೆ. ಆ ಭಾನುವಾರ ಬೆಳಗ್ಗೆ ಇಟ್ಟಮಡುವಿನ ಮನೆ ಮುಂದೆ, ತನ್ನದೇ ಕಾರಿನೊಳಗೆ, ತಮ್ಮ ಕಿಟ್ಟಿಗೆ ಟಾರ್ಚು ಹಿಡಿದು ಕೂತಿದ್ದಾಗ ಎರಡೂ ಕಿವಿ ಕೆಂಪಾಗಿದ್ದವು.

ಟಾರ್ಚು ಹಿಡಿಯುವುದು ಆಕೆಗೆ ಹೊಸದಲ್ಲ. ಅಪ್ಪ ಫ್ಯೂಸ್ ಹಾಕುವಾಗ ಹಿಡಿದಳು. ಗಂಡ ಮಿಕ್ಸಿ ಬಿಚ್ಚಿ, ಮತ್ತೆ ಜೋಡಿಸಲಾಗದೆ ಪೇಚಾಡುವಾಗಲೂ ಹಿಡಿದಳು. "ಅಲ್ಲಾಡಿಸ್ಬೇಡ, ನೆಟ್ಟಗೆ ಹಿಡಿ" ಎಂದು ಬೈಸಿಕೊಂಡಳು. ಇಪ್ಪತ್ತೆಂಟು ವರ್ಷ ಟೆಲಿಫೋನ್ ಕಾರ್ಖಾನೆಯಲ್ಲಿ ಬೆಸುಗೆ ಹಾಕಿದ ಹೆಂಗಸು! ಆಯುಧಪೂಜೆ ಬಂದರೆ ಅಲ್ಲಿ ಸಾಲುಸಾಲು ಹೆಂಗಸರು ತಂತಮ್ಮ ಸೋಲ್ಡರಿಂಗ್ ಐರನ್ನಿಗೆ ಕುಂಕುಮ ಹಚ್ಚಿ ಕೈಮುಗಿಯುತ್ತಿದ್ದರು. ನಿವೃತ್ತಿಯಾದಾಗ ಹಳೆಯದೊಂದನ್ನು ಕೇಳಿ ತಂದ ವಿಮಲಾ ಇವತ್ತಿಗೂ ಅದಕ್ಕೆ ಪೂಜೆ ಮಾಡುತ್ತಾಳೆ. ಮನೆಯವರಿಗೆ ಮಾತ್ರ ಅವಳು ಫ್ಯಾಕ್ಟರಿಗೆ ಹೋಗಿ ಬರುತ್ತಿದ್ದವಳು, ಅಷ್ಟೆ. ಅಲ್ಲಿ ಏನು ಮಾಡುತ್ತಿದ್ದೆ ಎಂದು ಒಬ್ಬರೂ ಕೇಳಿರಲಿಲ್ಲ.

ಗಂಡ ಹೋದ ಮೇಲೆ ಹಟ ಹಿಡಿದು ಡ್ರೈವಿಂಗ್ ಕಲಿತು ಈ ಹಳೇ ಕಾರು ಕೊಂಡಿದ್ದಳು. ಕಾರ್ಖಾನೆಯ ಗೆಳತಿ ಹಂಸಾಳನ್ನು ವಾರಕ್ಕೆ ಮೂರು ದಿನ ಚಿಕ್ಕಲಸಂದ್ರದಿಂದ ತಿಲಕ್ ನಗರಕ್ಕೆ ಡಯಾಲಿಸಿಸ್‌ಗೆ ಕರೆದೊಯ್ಯುವವಳು ಇವಳೇ. ಹೋದ ತಿಂಗಳು ಒಳಗಿನ ದೀಪ ಆರಿಸಲು ಮರೆತು ಬ್ಯಾಟರಿ ಪೂರ್ತಿ ಇಳಿದುಹೋಗಿತ್ತು. ಅವತ್ತಿನಿಂದ ಕಿಟ್ಟಿಯದು ಒಂದೇ ರಾಗ: ನಿನಗೂ ವಯಸ್ಸಾಯ್ತು, ಕಾರಿಗೂ ವಯಸ್ಸಾಯ್ತು, ಮಾರಿಬಿಡು. ಇವತ್ತು ಅಕ್ಕನನ್ನು ಒಂದು ಮಾತೂ ಕೇಳದೆ, ಹತ್ತು ಗಂಟೆಗೆ ಕಾರು ನೋಡಲು ಕೊಳ್ಳುವ ಪಾರ್ಟಿಯನ್ನೇ ಬರಹೇಳಿದ್ದ. ಎಂಥ ಕೊಬ್ಬು!

ಕಡಿಮೆ ಕರೆಂಟ್ ಎಳೆಯುವ ಎಲ್‌ಇಡಿ ಬಲ್ಬುಗಳ ಜೋಡಿಯೊಂದನ್ನು ವಿಮಲಾ ತಾನೇ ತಂದಿದ್ದಳು. ಒಳಗಿನ ದೀಪಕ್ಕೆ ಒಂದನ್ನು ಹಾಕಲು ಹೋದರೆ ಕಿಟ್ಟಿ ಕೈಯಿಂದ ಕಿತ್ತುಕೊಂಡ.

"ಕೊಡಕ್ಕ ಇಲ್ಲಿ, ಶಾಕ್ ಗೀಕ್ ಹೊಡೆದ್ರೆ ಕಷ್ಟ. ಪಾರ್ಟಿ ಬರೋಷ್ಟ್ರಲ್ಲಿ ನಾನು ಹಾಕ್ತೀನಿ. ನೀನು ಟಾರ್ಚ್ ಹಿಡ್ಕೋ. ಅಲ್ಲಾಡಿಸ್ಬೇಡ."

ಹನ್ನೆರಡು ವೋಲ್ಟಿಗೆ ಶಾಕಂತೆ! ವಿಮಲಾ ಹಲ್ಲು ಕಚ್ಚಿಕೊಂಡಳು. ಕಿಟ್ಟಿ ಹಳೇ ಬಲ್ಬು ತೆಗೆದು, ಹೊಸದನ್ನು ಎರಡು ಕ್ಲಿಪ್ಪುಗಳ ನಡುವೆ ಒತ್ತಿ ಕೂರಿಸಿ, ಸ್ವಿಚ್ ಹಾಕಿದ. ದೀಪ ಹತ್ತಲಿಲ್ಲ.

"ನೋಡ್ದಾ? ವೈರಿಂಗೇ ಹೋಗಿದೆ. ಈ ಡಬ್ಬಾ ಇಟ್ಕೊಂಡು ಹಂಸಕ್ಕನ್ನ ನಡುದಾರೀಲಿ ಕೂರಿಸ್ತೀಯ, ಅಷ್ಟೆ. ಆಟೋ ಮಾಡ್ಕೊಂಡು ಹೋಗ್ಲಿ ಬಿಡು."

ಡಯಾಲಿಸಿಸ್ ಮುಗಿದ ಮೇಲೆ ಹಂಸಾಗೆ ತಲೆ ಎತ್ತುವ ಶಕ್ತಿಯೂ ಇರುವುದಿಲ್ಲ. ಹಿಂದಿನ ಸೀಟಿನಲ್ಲಿ ಕಾಲು ಮಡಿಸಿ ಮಲಗಿಬಿಡುತ್ತಾಳೆ. ಅವಳು ಆಟೋದಲ್ಲಿ ರಸ್ತೆಯ ಒಂದೊಂದು ಉಬ್ಬಿಗೂ ಎಗರುತ್ತಾ ಬರಬೇಕಂತೆ. ವಿಮಲಾಗೆ ಮೈಯೆಲ್ಲ ಉರಿದುಹೋಯಿತು.

"ಕಿಟ್ಟಿ, ಕೆಳಗಿಳಿ."

ಅವಳ ದನಿಗೆ ಅವನು ತೆಪ್ಪಗೆ ಇಳಿದ. ವಿಮಲಾ ಬಲ್ಬನ್ನು ಕ್ಲಿಪ್ಪಿನಿಂದ ಎಳೆದು, ಆ ತುದಿ ಈ ಕಡೆಗೆ, ಈ ತುದಿ ಆ ಕಡೆಗೆ ತಿರುಗಿಸಿ ಕೂರಿಸಿದಳು. ಕಾರಿನೊಳಗೆಲ್ಲ ಬೆಳ್ಳಗೆ ಬೆಳಕಾಯಿತು.

"ಹೇಗಕ್ಕಾ?"

"ಹಳೇ ಬಲ್ಬು ಹೇಗೆ ಹಾಕಿದ್ರೂ ಉರಿಯತ್ತೆ. ಎಲ್‌ಇಡಿಗೆ ಪ್ಲಸ್ಸು ಪ್ಲಸ್ ಕಡೆಗೇ ಇರ್ಬೇಕು. ಇಂಥ ಸಾವಿರಾರು ದೀಪಕ್ಕೆ ಬೆಸುಗೆ ಹಾಕಿದೀನಿ ಕಣೋ. ಒಂದೇ ಒಂದ್ಸಲ ಕೇಳಿದೀಯಾ, ಅಕ್ಕ ನಿನ್ನ ಕೆಲಸ ಏನು ಅಂತ?"

ಅಷ್ಟರಲ್ಲಿ ಗೇಟಿನ ಸದ್ದಾಯಿತು. ಪಾರ್ಟಿ ಬಂದಿದ್ದ. ವಿಮಲಾಳನ್ನು ದಾಟಿ ನೇರ ಕಿಟ್ಟಿಯ ಹತ್ತಿರ ಹೋದ.

"ಕಾರು ನಿಮ್ದೇನಾ ಸಾರ್?"

"ನಂದು," ಎಂದಳು ವಿಮಲಾ. "ಮಾರಲ್ಲ. ಸುಮ್ನೆ ಬರೋ ಹಾಗಾಯ್ತು ನಿಮಗೆ. ಕರೆಸಿದವರ ಕೈಲಿ ಒಂದು ಕಾಫಿ ಕೊಡಿಸ್ಕೊಂಡು ಹೋಗಿ."

ಬಂದವನು ಇಬ್ಬರ ಮುಖವನ್ನೂ ನೋಡಿ, ಕಾಫಿಗೂ ಕಾಯದೆ ಹೊರಟ.

ಪ್ಯಾಕೆಟ್ಟಿನಲ್ಲಿ ಡಿಕ್ಕಿಯ ದೀಪಕ್ಕೆಂದು ತಂದ ಇನ್ನೊಂದು ಬಲ್ಬಿತ್ತು. ವಿಮಲಾ ಹೋಗಿ ಡಿಕ್ಕಿ ತೆರೆದಳು. ಟಾರ್ಚನ್ನು ತಮ್ಮನ ಕೈಗಿಟ್ಟಳು. ಕಿಟ್ಟಿ ಬಗ್ಗಿ ಡಿಕ್ಕಿಯೊಳಗೆ ಬೆಳಕು ಬಿಟ್ಟ.

"ಅಲ್ಲಾಡಿಸ್ಬೇಡ," ಎಂದಳು.