ಉಣ್ಣುವವರನ್ನು ಏಳಿಸಿದವರು

ಆ ಊರಿನ ಹೆಸರು ಹೇಳುವುದಿಲ್ಲ, ಆ ಲೌಂಜಿನ ಹೆಸರೂ ಬೇಡ. ಹೇಳಹೊರಟರೆ ನನ್ನ ಬಾಯಿ ಅಷ್ಟಕ್ಕೇ ನಿಲ್ಲುವುದಿಲ್ಲ.

ಉತ್ತರದ ಕಡೆ ಇರುವ ತಂಗಿಯ ಮನೆಗೆ ಅಪ್ಪಯ್ಯನನ್ನು ಕರೆದುಕೊಂಡು ಹೊರಟಿದ್ದೆ. ನಡುವೆ ಒಂದು ದೊಡ್ಡ ನಿಲ್ದಾಣದಲ್ಲಿ ವಿಮಾನ ಬದಲಿಸಬೇಕಿತ್ತು. ಉಪ್ಪುಂದದ ಮನೆಯಿಂದ ಬೆಳಕು ಹರಿಯುವ ಮೊದಲೇ ಹೊರಟವರು ನಾವು. ಅಪ್ಪಯ್ಯನಿಗೆ ಸಕ್ಕರೆ ಕಾಯಿಲೆ. ಊಟಕ್ಕೆ ಮುಂಚೆ ಇನ್ಸುಲಿನ್ ಚುಚ್ಚಿಕೊಳ್ಳಬೇಕು, ಚುಚ್ಚಿಕೊಂಡ ಮೇಲೆ ಉಣ್ಣಲೇಬೇಕು. ಉಣ್ಣದಿದ್ದರೆ ಕೈಕಾಲು ನಡುಗಿ, ಬೆವತು, ನಿಂತಲ್ಲೇ ಕುಸಿಯುತ್ತಾರೆ. ಒಮ್ಮೆ ಗದ್ದೆಯ ಅಂಚಿನಲ್ಲಿ ಹಾಗೆ ಬಿದ್ದವರನ್ನು ಎತ್ತಿ ತಂದವಳು ನಾನೇ. ಹಾಗಾಗಿ, ನನ್ನ ಬ್ಯಾಂಕ್ ಕಾರ್ಡಿಗೆ ಆ ನಿಲ್ದಾಣದ ಲೌಂಜಿನಲ್ಲಿ, ಅಂದರೆ ವಿಮಾನ ಕಾಯುವವರ ವಿಶ್ರಾಂತಿ ಕೋಣೆಯಲ್ಲಿ, ಇಬ್ಬರಿಗೆ ಊಟ ಉಂಟೆಂದು ಗೊತ್ತಾದಾಗ ನೆಮ್ಮದಿಯಾಗಿತ್ತು.

ಒಳಗೆ ಹೋದರೆ ತಂಪು, ಮೆತ್ತನೆಯ ಕುರ್ಚಿಗಳು, ಉದ್ದದ ಮೇಜಿನ ಮೇಲೆ ಮುಚ್ಚಳ ಹಾಕಿದ ಪಾತ್ರೆಗಳು. ಜನ ತಟ್ಟೆ ಹಿಡಿದು ತಾವೇ ಬಡಿಸಿಕೊಳ್ಳುತ್ತಿದ್ದರು. ಅಪ್ಪಯ್ಯ ಸುತ್ತ ಕಣ್ಣು ಹಾಯಿಸಿ, "ಇದ್ ಯಾರ್ ಮನಿ ಮದಿ ಮಾರಾಯ್ತಿ? ಬಡ್ಸುವವ್ರ್ ಯಾರೂ ಇಲ್ಲ, ಮಾತಾಡುವವ್ರೂ ಇಲ್ಲ" ಎಂದರು. ಲೌಂಜಿಗೂ ಮದುವೆಮನೆಯ ಲೆಕ್ಕ! ನನಗೆ ನಗು ಬಂತು. ಅವರಿಗೆ ಅದು ನಗುವ ವಿಷಯವಾಗಿರಲಿಲ್ಲ.

ಯಾಕೆಂದರೆ ನಮ್ಮ ಸುತ್ತಿನ ಊರುಗಳಲ್ಲಿ ಮದುವೆಯಿರಲಿ, ದೇವಸ್ಥಾನದ ಸಮಾರಾಧನೆಯಿರಲಿ, ಬಡಿಸುವ ಮೇಲ್ವಿಚಾರಣೆ ಅಪ್ಪಯ್ಯನದೇ. ಪಂಕ್ತಿಯಲ್ಲಿ ಕೊನೆಯವನ ಊಟ ಮುಗಿಯುವ ತನಕ ಮೊದಲನೆಯವನು ಏಳುವಂತಿಲ್ಲ. ಅಪ್ಪಯ್ಯ ಸಾಲಿನ ತುದಿಯಲ್ಲಿ ನಿಂತು ಒಂದೊಂದೇ ಎಲೆ ನೋಡಿ, ತಲೆಯಾಡಿಸಿದ ಮೇಲೆ ಎಲ್ಲರೂ ಒಟ್ಟಿಗೆ ಏಳಬೇಕು. ಬಾರ್ಕೂರಿನ ಒಂದು ಮದುವೆಯಲ್ಲಿ ಕಾರು ಕಾಯಿಸಿ ಬಂದಿದ್ದ ದೊಡ್ಡ ಮನುಷ್ಯರೊಬ್ಬರು ಅರ್ಧದಲ್ಲಿ ಮೇಲೆದ್ದಿದ್ದರು. ಅಪ್ಪಯ್ಯ ಓಡಿಹೋಗಿ, "ಹ್ವಾಯ್, ಕೂಕಣಿ. ಅಜ್ಜಂದ್ ಇನ್ನೂ ಆಯ್ಲಿಲ್ಲ" ಎಂದರು. ಸಾಲಿನ ಕೊನೆಯಲ್ಲಿ ಹಲ್ಲಿಲ್ಲದ ಅಜ್ಜನೊಬ್ಬ ಹೋಳಿಗೆಯನ್ನು ಹಾಲಿನಲ್ಲಿ ಮೆತ್ತಗೆ ಮಾಡುತ್ತಿದ್ದ. ದೊಡ್ಡ ಮನುಷ್ಯರು ತೆಪ್ಪಗೆ ಕೂತರು. ಉಣ್ಣುತ್ತಿರುವವನನ್ನು ಎಲೆಯ ಮುಂದಿನಿಂದ ಏಳಿಸುವುದಕ್ಕಿಂತ ದೊಡ್ಡ ಅವಮಾನ ನಮ್ಮಲ್ಲಿ ಇಲ್ಲ. ಒಮ್ಮೆ ಎದ್ದರೆ ಊಟ ಮುಗಿಯಿತು. ಅದೇ ಎಲೆಗೆ ಮತ್ತೆ ಕೂರುವಂತಿಲ್ಲ, ಹೊಸ ಪಂಕ್ತಿ ಬೀಳುವ ತನಕ ಬಾಯಿಗೆ ಏನೂ ಇಡುವಂತಿಲ್ಲ.

ಅಂಥವರು ಮೂಲೆಯ ಕುರ್ಚಿಯಲ್ಲಿ ಕೂತು, ಅಂಗಿ ಸ್ವಲ್ಪ ಎತ್ತಿ ಇನ್ಸುಲಿನ್ ಚುಚ್ಚಿಕೊಂಡರು. ಅನ್ನ, ಸಾರು, ಪಲ್ಯ ನಾನೇ ತಂದಿಟ್ಟೆ. ಅವರು ಎರಡು ತುತ್ತು ಬಾಯಿಗಿಟ್ಟಿರಬಹುದು, ನಾನು ಮಜ್ಜಿಗೆ ತರಲೆಂದು ಹೋದೆ. ತಿರುಗಿ ಬರುವಷ್ಟರಲ್ಲಿ ಅಪ್ಪಯ್ಯ ಎದ್ದು ನಿಂತಿದ್ದರು. ಬಲಗೈ ಎಂಜಲು. ಎದುರಿಗೆ ಕೋಟು ಹಾಕಿದ ಸಿಬ್ಬಂದಿಯೊಬ್ಬ ತಟ್ಟೆಯನ್ನು ಎತ್ತಿ ಹಿಡಿದು, ಆಚೆ ಬಾಗಿಲ ಹತ್ತಿರದ ಎತ್ತರದ ಸ್ಟೂಲು ತೋರಿಸುತ್ತಿದ್ದ.

ವಿಷಯ ಇಷ್ಟೆ. ಆ ಮೂಲೆ ವಿಶೇಷ ಸದಸ್ಯರಿಗಂತೆ. ಸದಸ್ಯರು ಬಂದಿದ್ದಾರಂತೆ. ಅಲ್ಲಿ ಹಾಗೆಂದು ಒಂದು ಚೀಟಿಯೂ ಇರಲಿಲ್ಲ. ಇದ್ದರೂ ಏನು? ಕೈಯಲ್ಲಿ ತುತ್ತು ಇರುವ ಮುದುಕನನ್ನು ಏಳಿಸಲು ಯಾವ ಸದಸ್ಯತ್ವ ಬೇಕು? ನನಗೆ ಮೈಯೆಲ್ಲ ಉರಿಯಿತು. ನನಗೆ ಬರುವಷ್ಟು ಇಂಗ್ಲಿಷನ್ನೆಲ್ಲ ಅವನ ಮೇಲೆ ಸುರಿದೆ. ಮ್ಯಾನೇಜರ್ ಬಂದು ನಗುನಗುತ್ತಾ ಕ್ಷಮೆ ಕೇಳಿದ, ಐಸ್‌ಕ್ರೀಮ್ ಕೊಡಿಸುತ್ತೇನೆಂದ. ಸಕ್ಕರೆ ಕಾಯಿಲೆಯವರಿಗೆ ಐಸ್‌ಕ್ರೀಮ್! ಆ ನಗು ನೆನೆದರೆ ಇವತ್ತಿಗೂ ಕೈ ತುರಿಸುತ್ತದೆ.

ಅಷ್ಟರಲ್ಲಿ ವಿಶೇಷ ಸದಸ್ಯರು ಫೋನಿನಲ್ಲಿ ಮಾತಾಡುತ್ತಲೇ ಬಂದರು. ಅಪ್ಪಯ್ಯನ ಕುರ್ಚಿಯ ಮೇಲೆ ತಮ್ಮ ಚರ್ಮದ ಚೀಲ ಇಟ್ಟು, ತಾವು ಪಕ್ಕದ ಕುರ್ಚಿಯಲ್ಲಿ ಕೂತರು. ಒಂದು ಲೋಟ ನೀರನ್ನೂ ಕುಡಿಯಲಿಲ್ಲ. ಒಂದು ಚೀಲಕ್ಕೆ ಜಾಗ ಬೇಕೆಂದು ನನ್ನ ಅಪ್ಪನನ್ನು ಊಟದಿಂದ ಏಳಿಸಿದ್ದರು.

"ಅಪ್ಪಯ್ಯ, ಬೇರೆ ಕಡೆ ಕೂಕಣಿ, ಬೇರೆ ತಟ್ಟೆ ತತ್ತೆ" ಎಂದೆ.

"ಬೇಡ ಹೆಣೆ. ಎದ್ದಾಯ್ತಲೆ" ಎಂದು ಅವರು ಕೈ ತೊಳೆಯಲು ಹೋದರು. ಸಿಟ್ಟಿನ ಒಂದು ಮಾತಿಲ್ಲ. ಅದೇ ನನಗೆ ತಡೆಯಲಾಗಲಿಲ್ಲ. ಸಾವಿರ ಜನರ ಎಲೆ ಕಾದವರು ತಲೆ ತಗ್ಗಿಸಿಕೊಂಡು ಹೊರಗೆ ನಡೆದರು, ನಾನು ಹಿಂದೆ ಓಡಿದೆ.

ಗೇಟಿನ ಹತ್ತಿರ ತಲುಪುವಾಗ ಅವರ ಹಣೆಯಲ್ಲಿ ಬೆವರು ಕಾಣಿಸಿತು. ಬೆರಳು ನಡುಗುತ್ತಿದ್ದವು. ತಂಗಿಗೆಂದು ಅಮ್ಮ ಕಟ್ಟಿಕೊಟ್ಟ ಬೆಲ್ಲದ ಡಬ್ಬಿಯಿಂದ ಒಂದು ತುಂಡು ಕೊಟ್ಟೆ. ಒಲ್ಲೆನೆಂದು ತಲೆಯಲ್ಲಾಡಿಸಿದರು. ಬಿಸ್ಕತ್ತು ತರುತ್ತೇನೆ ಎಂದೆ, ಬೇಡ ಎಂದರು. ನನಗೆ ಅಳು ಬಂತು, ಅಳುವಷ್ಟು ಹೊತ್ತು ಇರಲಿಲ್ಲ. ಆಗ ಚೀಲದ ತಳದಲ್ಲಿದ್ದ ಕೊಟ್ಟೆ ಕಡುಬು ನೆನಪಾಯಿತು. ಹಲಸಿನ ಎಲೆಯ ಕೊಟ್ಟೆಯಲ್ಲೇ ಬೇಯಿಸಿದ್ದು, ಅದೂ ತಂಗಿಗೆಂದೇ. ಕುರ್ಚಿಗಳ ಹಿಂದೆ, ಗಾಜಿನ ಗೋಡೆಯ ಪಕ್ಕ, ನೆಲದ ಮೇಲೆ ಪೇಪರು ಹಾಸಿ ಎರಡು ಕಡೆ ಎಲೆ ಬಿಡಿಸಿಟ್ಟೆ. ಬೆಲ್ಲವನ್ನೂ ಇಟ್ಟೆ.

"ಇದ್ ಬೇರೆ ಎಲೆ ಅಪ್ಪಯ್ಯ. ಹೊಸ ಪಂಕ್ತಿ. ನಾನೂ ಕೂಕಂತೆ."

ಅವರು ನನ್ನ ಮುಖ ನೋಡಿದರು, ಎಲೆ ನೋಡಿದರು. ಆಮೇಲೆ ಚಕ್ಕಳಬಕ್ಕಳ ಹಾಕಿ ಕೂತರು. ಮೊದಲು ಬೆಲ್ಲ, ನಂತರ ಕಡುಬು. ಮೆಲ್ಲಗೆ ಬೆರಳಿನ ನಡುಕ ಇಳಿಯತೊಡಗಿತು.

ಆಗಲೇ ವಿಮಾನ ಹತ್ತಲು ಕರೆದರು. ಜನ ಎದ್ದು ಸಾಲು ಹಿಡಿದರು. ನಿಲ್ದಾಣದ ಹುಡುಗಿಯೊಬ್ಬಳು ಬಂದು, ಇಲ್ಲಿ ನೆಲದಲ್ಲಿ ಕೂರಬಾರದು, ಬೇಗ ಎದ್ದೇಳಿ ಎಂದು ಹಿಂದಿಯಲ್ಲಿ ಹೇಳಿದಳು. ಅಪ್ಪಯ್ಯ ಏಳಲೆಂದು ನೆಲಕ್ಕೆ ಕೈ ಊರಿದರು. ನಾನು ಅವರ ಮೊಣಕಾಲಿನ ಮೇಲೆ ಕೈಯಿಟ್ಟು ಒತ್ತಿ ಹಿಡಿದೆ. ಇಂಗ್ಲಿಷು, ಹಿಂದಿ ಎರಡೂ ಆ ಕ್ಷಣ ಬಾಯಿಗೆ ಬರಲಿಲ್ಲ, ಉಣ್ಣುವಾಗ ಏಳಿಸಬಾರದೆಂಬುದು ನಮ್ಮೂರ ಮಾತಿನಲ್ಲೇ ಬಂತು.

"ಹ್ವಾಯ್, ಅವ್ರ್ ಉಂತಾ ಇದ್ರ್. ಉಂಬತಿಗೆ ಏಳ್ಸುಕಾಗ!"

ಗೇಟಿನವರೆಲ್ಲ ತಿರುಗಿ ನೋಡಿದರು. ಹುಡುಗಿಗೆ ಭಾಷೆ ತಿಳಿದಿರಲಿಕ್ಕಿಲ್ಲ. ನನ್ನ ಮುಖ ನೋಡಿ, ಎಲೆ ನೋಡಿ, ಬಾಗಿಲ ಕಡೆ ಹೋದಳು. ಸಾಲು ಕರಗುತ್ತಾ ಬಂತು. ಅಪ್ಪಯ್ಯ ಅವಸರ ಮಾಡಲಿಲ್ಲ, ಎಲೆಗೆ ಅಂಟಿದ್ದನ್ನೂ ಬಿಡಿಸಿ ತಿಂದರು. ಕೊನೆಗೆ ಬಾಗಿಲಲ್ಲಿ ಆ ಹುಡುಗಿ ಒಬ್ಬಳೇ ನಮಗಾಗಿ ನಿಂತಿದ್ದಳು. ನಾನು ಏಳಲೆಂದು ಚೀಲಕ್ಕೆ ಕೈ ಹಾಕಿದೆ.

ಅಪ್ಪಯ್ಯ ಏಳಲಿಲ್ಲ. ಕುತ್ತಿಗೆ ಬಗ್ಗಿಸಿ ನನ್ನ ಎಲೆ ನೋಡಿದರು. ಅದರಲ್ಲಿ ಅರ್ಧ ಕಡುಬು ಉಳಿದಿತ್ತು.

"ನಿಂದ್ ಆಯ್ಲಿಲ್ಲಲೆ. ಉಣ್ಣ್."

ನಾನು ತಿಂದು ಮುಗಿಸಿದೆ. ಅವರು ತಲೆಯಾಡಿಸಿದರು.

"ಹಂಗಾರೆ ಏಳ್ವ."