ಉಣುಗು ಎಣಿಸುವ ಜತ್ತಪ್ಪ

ಬೆಳಗ್ಗೆ ಆರೂಕಾಲು. ಇಚಿಲಂಪಾಡಿಯ ಮೈಮೂನಮ್ಮನವರ ದನದ ಹಟ್ಟಿಯಲ್ಲಿ ಜತ್ತಪ್ಪ ಕರುವಿನ ಕಿವಿಯೊಳಗೆ ಬೆರಳಾಡಿಸಿ ಉಣುಗು ಎಣಿಸುತ್ತಿದ್ದಾರೆ. ಏಳು, ಎಂಟು, ಒಂಬತ್ತು. ಆಮೇಲೆ ಹೊಟ್ಟೆಯಡಿ, ಬಾಲದ ಬುಡ. ಕೊನೆಗೆ ಕಿವಿಯಂಚಿನಿಂದ ಒಂದು ಹನಿ ರಕ್ತ ಗಾಜಿನ ಮೇಲೆ. ಕರು ಒದೆಯುತ್ತದೆ. "ಒದಿ ಮಾರಾಯ್ತಿ, ನಿನ್ನ ಕೆಲಸ ನೀನು ಮಾಡು," ಎನ್ನುತ್ತಾರೆ.

ರಕ್ತ ಹೀರುವ ಉಣುಗಿನಿಂದ ದನದ ಮೈಗೆ ಒಂದು ಪರಾವಲಂಬಿ ಜೀವಿ ಸೇರುತ್ತದೆ. ಅದರ ಜ್ವರಕ್ಕೆ ಒಳ್ಳೆಯ ಹಸುವೂ ವಾರದೊಳಗೆ ಬೀಳುತ್ತದೆ. ಅದನ್ನು ತಡೆಯುವ ಹೊಸ ಲಸಿಕೆಯೊಂದರ ಪ್ರಯೋಗ ಪುತ್ತೂರು, ಸುಳ್ಯ, ಕಡಬದ ನಲವತ್ತೆರಡು ಕರುಗಳ ಮೇಲೆ ನಡೆಯುತ್ತಿದೆ. ಅರ್ಧಕ್ಕೆ ಲಸಿಕೆ, ಅರ್ಧಕ್ಕೆ ಬರೀ ಉಪ್ಪುನೀರು. ಯಾವುದಕ್ಕೆ ಯಾವುದೆಂದು ಜತ್ತಪ್ಪನವರಿಗೂ ಗೊತ್ತಿಲ್ಲ. ಜ್ವರ ಬಂದರೆ ತಂಡವೇ ಮದ್ದು ಕೊಡುತ್ತದೆ. ದಿನಕ್ಕೆ ಏಳು ಹಟ್ಟಿ, ಸ್ಕೂಟರಿನಲ್ಲಿ ಎಪ್ಪತ್ತು ಕಿಲೋಮೀಟರ್ ಇವರ ಪಾಲು.

ಹದಿನೆಂಟು ವರ್ಷ ಹಾಲಿನ ಸೊಸೈಟಿಯಲ್ಲಿ ಹಾಲು ಪರೀಕ್ಷಿಸಿದವರು. ಮೂರು ವರ್ಷದ ಹಿಂದೆ ಅವರದೇ ಹಸು ಈ ಜ್ವರಕ್ಕೆ ಸತ್ತಿತು. "ಗುರುವಾರ ಮಲಗಿದ್ದು, ಭಾನುವಾರ ಹೂತದ್ದು. ಹೆಂಡತಿ ಒಂದು ತಿಂಗಳು ಹಟ್ಟಿ ಕಡೆ ಹೋಗ್ಲಿಲ್ಲ." ಲಸಿಕೆಯ ತಂಡ ಜನ ಹುಡುಕುತ್ತ ಬಂದಾಗ ಮೊದಲು ಕೈಯೆತ್ತಿದವರು ಅವರೇ.

ಕಳೆದ ಜೂನ್‌ನಲ್ಲಿ ಒಂದು ಮಂಗಳವಾರ ಮೈಮೂನಮ್ಮನವರ ಕರುವಿನಲ್ಲಿ ಒಂದೂ ಉಣುಗು ಸಿಗಲಿಲ್ಲ.

"ಎಂತ ಮೈಮೂನಮ್ಮ, ಒಂದೂ ಇಲ್ವಲ್ಲ?"

"ಮಂಗಳವಾರ ನೀವು ಬರುದಲ್ವ ಜತ್ತಪ್ಪಣ್ಣ? ಪ್ರತಿ ಸೋಮವಾರ ಸೋಪು ಹಾಕಿ ಮೀಯಿಸಿ ಹೆಕ್ಕುದು, ನಿನ್ನೆ ಒಂದೂ ಬಿಡದೆ ತೆಗೆದೆ. ಬಂದವರಿಗೆ ಗಲೀಜು ಕರು ತೋರಿಸುದಾ?"

ಆ ಕರುವಿಗೆ ಜ್ವರವೇ ಬಾರದ್ದು ಕಂಡು, ಲಸಿಕೆ ಬಿದ್ದದ್ದು ಇದಕ್ಕೇ ಇರಬೇಕೆಂದು ಒಳಗೊಳಗೇ ಹಿಗ್ಗಿದ್ದ ಜತ್ತಪ್ಪ ಅಲ್ಲೇ ಕೂತುಬಿಟ್ಟರು. "ಕಚ್ಚಲಿಕ್ಕೆ ಉಣುಗೇ ಇಲ್ಲದಿದ್ರೆ ಅದು ಲಸಿಕೆಯ ಗುಣವಾ, ಸೋಪಿನ ಗುಣವಾ?" ವಿಚಾರಿಸಿದರೆ ಇನ್ನೂ ಮೂರು ಮನೆಗಳಲ್ಲಿ ಅದೇ ಮರ್ಯಾದೆ ನಡೆದಿತ್ತು.

ಹಿಂದಿನ ವಾರದ ಸಂಖ್ಯೆಯನ್ನೇ ಬರೆದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವರು ತಂಡದ ಡಾ. ಚಿನ್ಮಯೀ ಅವರಿಗೆ ಫೋನ್ ಮಾಡಿದರು. "ತಪ್ಪು ಮನೆಯವರದ್ದಲ್ಲ, ನನ್ನದು. ಪ್ರತಿ ವಾರ ಅದೇ ದಿನ ಹೋದದ್ದು ನಾನು." ತಂಡದವರು ಆ ನಾಲ್ಕು ಕರುಗಳ ಲೆಕ್ಕ ಬದಿಗಿಟ್ಟರು. ಪ್ರಯೋಗ ಎರಡು ತಿಂಗಳು ಮುಂದಕ್ಕೆ ಹೋಯಿತು. "ಬೈತಾರೆ ಅಂತ ಹೆದರಿದ್ದೆ. ಥ್ಯಾಂಕ್ಸ್ ಹೇಳಿದ್ರು ಮಾರಾಯ್ರೆ!"

ಥ್ಯಾಂಕ್ಸ್ ಸಲ್ಲಬೇಕಾದ್ದು ಮನೆಯವರಿಗೆ ಎನ್ನುತ್ತಾರೆ ಅವರು. "ಮುದ್ದಿನ ಕರುವನ್ನು ನಂಬಿ ಕೊಟ್ಟಿದ್ದಾರೆ. ಲಸಿಕೆ ಗೆದ್ರೆ ಒಳ್ಳೆದು. ಸೋತರೂ ನನ್ನ ಸುಳ್ಳಿನಿಂದ ಸೋಲುದು ಬೇಡ."

ಈಗ ಅವರು ಬರುವ ದಿನ ಯಾರಿಗೂ ತಿಳಿಯದು. ಸ್ಕೂಟರ್ ಹತ್ತುವಾಗ ಮೈಮೂನಮ್ಮ ಹಿಂದಿನಿಂದ ಕೂಗುತ್ತಾರೆ: "ಇನ್ನು ಯಾವತ್ತು ಬರುದು?"

"ಹೇಳುದಿಲ್ಲ."

"ಚಾಕ್ಕೆ ಹಾಲು ತೆಗೆದಿಡ್ಬೇಕಲ್ಲ!"

"ಹಾಲು ದಿನಾ ಇಡಿ ಮೈಮೂನಮ್ಮ. ಸೋಪು ಮಾತ್ರ ಬೇಡ."