ಒಂದೇ ಸಲ ತಟ್ಟಿ ಹೇಳಲಾಗದ್ದು

ಟಿಣ್. ಟಿಣ್. ಟಿಣ್. ಆಮೇಲೆ ಒಂದು ಟೊಕ್.

ಟೊಕ್ ಎಂದ ಕಪ್ಪನ್ನು ಅವಳು ಎಡಕ್ಕಿದ್ದ ಮರದ ಹಲಗೆಯ ಮೇಲಿಟ್ಟಳು. ಬಲಗೈಯಲ್ಲಿ ಸಣ್ಣ ಮರದ ಕಡ್ಡಿ, ಎಡ ಅಂಗೈಯಲ್ಲಿ ಪಿಂಗಾಣಿ ಕಪ್ಪು. ಹತ್ತೊಂಬತ್ತು ವರ್ಷಗಳಿಂದ ಅವಳ ಹಗಲು ಇಷ್ಟೇ. ಕಣ್ಣಿಗೆ ಕಾಣದ ಬಿರುಕು ಅವಳ ಕಿವಿಗೆ ಸಿಗುತ್ತದೆ. ಕಾರ್ಖಾನೆಯಲ್ಲಿ ಎಲ್ಲರಿಗೂ ಅವಳು ಕಿವಿಯಮ್ಮ. ಯಾರ ಮನೆಗೆ ಹೋದರೂ ಕೊಟ್ಟ ಲೋಟವನ್ನು ಉಗುರಿನಿಂದ ತಟ್ಟಿ ನೋಡಿಯೇ ಕುಡಿಯುವುದು. “ಮೊದಲ ಸಲ ಭೇಟಿಯಾದಾಗ ನನ್ನ ತಲೆಗೂ ಒಂದು ತಟ್ತಾಳೇನೋ ಅಂತ ಹೆದರಿಕೊಂಡೇ ಕೂತಿದ್ದೆ” ಎಂದು ಬಸ್ ಓಡಿಸುವ ಅವಳ ಗಂಡ ಇಂದಿಗೂ ಹೇಳುತ್ತಾನೆ.

ಕೆಲಸಕ್ಕೆ ಸೇರಿದ ಮೊದಲ ವಾರ ಅವಳು ಎಡವಟ್ಟು ಮಾಡಿಕೊಂಡಿದ್ದಳು. ನಲವತ್ತು ಕಪ್ಪುಗಳನ್ನು ಬಿರುಕು ಬಿಟ್ಟಿವೆಯೆಂದು ಒಡೆಯುವ ಬುಟ್ಟಿಗೆ ಹಾಕಿದ್ದಳು. ಮೇಸ್ತ್ರಿ ಅವುಗಳಲ್ಲೊಂದನ್ನು ಎತ್ತಿ ತಟ್ಟಿದರು. ಟಿಣ್ ಎಂದಿತು. ಬಿರುಕು ಇರಲೇ ಇಲ್ಲ. ಅವಳ ಹೆಬ್ಬೆರಳು ಅಂಚಿಗೆ ಒತ್ತಿಕೊಂಡು ಸದ್ದನ್ನು ನುಂಗುತ್ತಿತ್ತು.

“ಅಲ್ಲ ತಾಯಿ, ಕುತ್ತಿಗೆ ಹಿಸುಕಿ ಹಾಡು ಅಂದ್ರೆ ಅದು ಹ್ಯಾಗೆ ಹಾಡುತ್ತೆ?” ಎಂದು ಮೇಸ್ತ್ರಿ ನಕ್ಕಿದ್ದರು.

ಅಂದಿನಿಂದ ಅವರು ಒಂದು ನಿಯಮ ಮಾಡಿದರು. ಒಂದೇ ಸದ್ದಿಗೆ ಯಾವ ಕಪ್ಪನ್ನೂ ಎಸೆಯುವಂತಿಲ್ಲ. ಹಲಗೆಯ ಮೇಲೆ ಎತ್ತಿಡಬೇಕು. ಮಧ್ಯಾಹ್ನ ಇನ್ನೊಬ್ಬರು, ಇನ್ನೊಂದು ಕಡೆ ತಟ್ಟಿ ನೋಡಬೇಕು.

ಆರು ವರ್ಷ ಮಗುವಿಗಾಗಿ ಕಾದು, ಎರಡು ಸಲ ಮೂರನೆಯ ತಿಂಗಳಲ್ಲಿ ಕಳೆದುಕೊಂಡು, ಕೊನೆಗೆ ಗಂಡ ಹೆಂಡತಿ ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದರು. ಲ್ಯಾಬಿನಲ್ಲಿ ಮೂರು ಭ್ರೂಣ ಬೆಳೆದವು. ಜೆನೆಟಿಕ್ ಪರೀಕ್ಷೆಯಲ್ಲಿ ಎರಡು ಉಳಿಯುವಂಥವಲ್ಲ ಎಂದು ತಿಳಿಯಿತು. ಮೂರನೆಯದು ಮಿಶ್ರ: ತೆಗೆದು ನೋಡಿದ ನಾಲ್ಕಾರು ಜೀವಕೋಶಗಳಲ್ಲಿ ಕೆಲವು ಸರಿ, ಕೆಲವು ಸರಿಯಿಲ್ಲ.

ವರದಿ ಓದಿ ಹೇಳಿದ ಡಾಕ್ಟರಮ್ಮನನ್ನು ಅವಳು ಕೇಳಿದಳು: “ಡಾಕ್ಟ್ರೇ, ನೀವು ತಟ್ಟಿದ್ದು ಎಲ್ಲಿ?”

“ತಟ್ಟಿದ್ದಾ?”

“ಅಂದ್ರೆ, ಆ ಚೂರನ್ನ ಯಾವ ಕಡೆಯಿಂದ ತೆಗೆದ್ರಿ?”

“ಹೊರಗಿನ ಪದರದಿಂದ. ಮುಂದೆ ಮಾಸು ಆಗೋ ಭಾಗ ಅದು. ಮಗು ಆಗೋ ಭಾಗವನ್ನ ನಾವು ಮುಟ್ಟೋದಿಲ್ಲ.”

“ಹಾಗಾದ್ರೆ ಇನ್ನೊಂದ್ಸಲ, ಬೇರೆ ಕಡೆ?”

“ಪದೇ ಪದೇ ಮುಟ್ಟಿದ್ರೆ ಅದಕ್ಕೇ ಪೆಟ್ಟು.”

ಡಾಕ್ಟರಮ್ಮ ಏನನ್ನೂ ಮುಚ್ಚಿಡಲಿಲ್ಲ. ಇಂಥ ಭ್ರೂಣದಿಂದ ಆರೋಗ್ಯವಾದ ಮಕ್ಕಳು ಹುಟ್ಟಿದ್ದಾರೆ. ಗರ್ಭ ನಿಲ್ಲದೇ ಹೋಗುವ ಸಾಧ್ಯತೆಯೂ ಹೆಚ್ಚು. ಅಪರೂಪಕ್ಕೆ ಮಗುವಿಗೆ ತೊಂದರೆಯೂ ಇರಬಹುದು. ಅದನ್ನೇ ಗರ್ಭಕ್ಕೆ ಸೇರಿಸಬೇಕೆಂದರೆ ಬರೆದುಕೊಡಬೇಕು, ಬೇಡವೆಂದರೆ ಅದನ್ನು ಅಲ್ಲಿಗೇ ಬಿಡುತ್ತಾರೆ. ಮತ್ತೊಮ್ಮೆ ಅಂಡ ತೆಗೆಯುವ ವಯಸ್ಸು ಅವಳಿಗೆ ದಾಟುತ್ತಿತ್ತು.

ಆಸ್ಪತ್ರೆ ಕೊಟ್ಟ ಅರ್ಜಿಯಲ್ಲಿ ಗಂಡ ‘ಬೇಕು’, ‘ಬೇಡ’ ಎಂಬ ಎರಡು ಚೌಕಗಳನ್ನೂ ಖಾಲಿ ಬಿಟ್ಟು ಕೆಳಗೆ ತನ್ನ ಸಹಿ ಹಾಕಿದ. “ಹೊರೋಳು ನೀನು. ಬೇಕು ಅಂದ್ರೂ ಸರಿ, ಬೇಡ ಅಂದ್ರೂ ಸರಿ. ಹೆದರೋದ್ರಲ್ಲಿ ಮಾತ್ರ ಅರ್ಧ ಪಾಲು ನಂದು.”

ಆ ಹಾಳೆ ಒಂದು ವಾರದಿಂದ ಅವಳ ಕೆಲಸದ ಅಂಗಿಯ ಜೇಬಿನಲ್ಲಿದೆ. ಅದನ್ನು ಆಸ್ಪತ್ರೆಗೆ ತಲುಪಿಸಲು ಇಂದು ಸಂಜೆ ನಾಲ್ಕು ಗಂಟೆಯ ಗಡುವು.

ಊಟದ ಹೊತ್ತಿಗೆ ಪ್ಯಾಕಿಂಗ್ ವಿಭಾಗದಿಂದ ಅವಳ ಅಕ್ಕ ಬಂದು ಪಕ್ಕದ ಸ್ಟೂಲಿನಲ್ಲಿ ಕೂತಳು. ಮೈಮೇಲೆಲ್ಲ ರಟ್ಟಿನ ಧೂಳು. ಆಚೆ ಮೇಸ್ತ್ರಿ ಹಲಗೆಯ ಕಪ್ಪುಗಳನ್ನು ಮತ್ತೆ ತಟ್ಟುತ್ತಿದ್ದರು.

“ನೋಡು, ಅದರಲ್ಲೂ ಎರಡು ಗಟ್ಟಿಯಾಗೇ ಇದ್ವು” ಎಂದಳು ತಂಗಿ.

“ನಿನ್ನ ಕಪ್ಪಿನ ಪುರಾಣ ನನ್ನ ಹತ್ರ ಬೇಡ. ಕೆಟ್ಟಿದ್ರೆ ಕಪ್ಪು ಒಡೆದು ಹಾಕ್ತೀಯ. ಮಗು ಹುಟ್ಟಿದ ಮೇಲೆ ಏನಾದ್ರೂ ಇದ್ರೆ?”

“ಒಡೆಯೋಕಾಗಲ್ಲ. ಅದಕ್ಕೇ ಅಕ್ಕ, ವಾರದಿಂದ ನಾನು ನನ್ನನ್ನೇ ತಟ್ಟಿ ನೋಡ್ತಿರೋದು. ಹೆಚ್ಚುಕಮ್ಮಿ ಇದ್ರೂ ಎತ್ಕೋತೀನಾ ಅಂತ.”

“ಏನಂತ ಕೇಳಿಸ್ತು?”

“ಭಯ ಇದೆ. ಬಿರುಕಿಲ್ಲ.”

ಅಕ್ಕ ಡಬ್ಬಿಯ ಮುಚ್ಚಳ ತೆಗೆದು, ಹಾಗೇ ಮುಚ್ಚಿದಳು. “ಎರಡು ಸಲ ಆಸ್ಪತ್ರೆ ಬಾಗಿಲಲ್ಲಿ ಕೂತೋಳು ನಾನು ಕಣೇ. ನೀನು ಗೋಡೆ ಕಡೆ ಮುಖ ಮಾಡಿ ಮಲಗಿದ್ದೆ. ಮೂರನೇ ಸಲ ನನ್ನ ಕೈಲಾಗಲ್ಲ.”

“ಸರಿ, ಬರಬೇಡ.”

“ಬರಬೇಡ ಅನ್ನೋಕೆ ನೀನ್ಯಾರು?” ಅಕ್ಕ ರೇಗಿದಳು. “ಬರದೆ ಇರ್ತೀನಾ? ತೊಂದರೆ ಇರೋ ಮಗುವಾದ್ರೂ ನನ್ನನ್ನ ದೊಡ್ಡಮ್ಮ ಅಂತಾನೇ ತಾನೆ ಕರೆಯೋದು?”

ಕಿವಿಯಮ್ಮ ಕಡ್ಡಿಯನ್ನು ಮೇಜಿನ ಮೇಲಿಟ್ಟು ಜೇಬಿನಿಂದ ಹಾಳೆ ತೆಗೆದಳು. ಕಿವಿಗೆ ಸಿಕ್ಕಿಸಿಕೊಂಡಿದ್ದ ಪೆನ್ನಿನಿಂದ ಮೊದಲನೆಯ ಚೌಕದಲ್ಲಿ ಗುರುತು ಹಾಕಿ, ಗಂಡನ ಸಹಿಯ ಪಕ್ಕದಲ್ಲಿ ತನ್ನದನ್ನೂ ಹಾಕಿದಳು.

“ಮೇಸ್ತ್ರಿಗಳೇ, ಅರ್ಧ ದಿನ ರಜೆ.”

“ಹೋಗಿ ಬಾ ತಾಯಿ. ಹಲಗೆ ನಾನು ನೋಡ್ಕೋತೀನಿ.”

“ಅಲ್ಲ ಕಣೇ, ಊಟ?” ಎಂದು ಅಕ್ಕ ಎದ್ದಳು. “ಇನ್ಮೇಲೆ ಆ ಟ್ರೇ ಎಲ್ಲ ಎತ್ತೋ ಹಾಗಿಲ್ಲ, ಹೇಳಿರ್ತೀನಿ. ಬಸ್ಸಲ್ಲಿ ಹಿಂದಿನ ಸೀಟಲ್ಲಿ ಕೂರಬೇಡ, ಕುಲುಕುತ್ತೆ. ಡಾಕ್ಟರು ಏನಂದ್ರೂ ಬರ್ಕೊಂಡು ಬಾ, ನಿನಗೆ ಮರೆವು ಜಾಸ್ತಿ. ಮತ್ತೆ ಇನ್ನೊಂದು ಮಾತು, ಕೇಳಿಸ್ಕೊಳ್ತಿದೀಯಾ, ಅವರನ್ನ ಕೇಳು...”

ಕಿವಿಯಮ್ಮ ಆಗಲೇ ಬಾಗಿಲು ದಾಟಿ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಬಸ್ ನಿಲ್ದಾಣದ ಕಡೆ ಬಿರಬಿರನೆ ನಡೆಯುತ್ತಿದ್ದಳು.